ಹಿಮ್ಮಡಿ ನೋವು ಮತ್ತು ಒಂದು ಸ್ಟೂಲು

ಹೋಟೆಲಿನಲ್ಲಿ ಕೂರುವವರು ಗಿರಾಕಿಗಳು ಮಾತ್ರ. ಗಲ್ಲಾದ ಮೇಲೆ ಧಣಿಗಳು ಕೂರುತ್ತಾರೆ, ಅದು ಬೇರೆ ವಿಷಯ. ಉಳಿದವರೆಲ್ಲ, ಕ್ಲೀನರ್ ಹುಡುಗನಿಂದ ಹಿಡಿದು ಸೂಪರ್‌ವೈಸರ್‌ವರೆಗೆ, ಬೆಳಿಗ್ಗೆ ಶಟರ್ ಎತ್ತಿದ ಮೇಲೆ ರಾತ್ರಿ ಅದು ಇಳಿಯುವವರೆಗೆ ನಿಂತೇ ಇರಬೇಕು. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. 1981ರಲ್ಲಿ, ನನಗೆ 14 ವರ್ಷವಾಗಿದ್ದಾಗ, ಕುಂದಾಪುರದ ಹತ್ತಿರದ ನಮ್ಮ ಹಳ್ಳಿಯಿಂದ ಸೋದರಮಾವನ ಜೊತೆ ಬಸ್ಸು ಹತ್ತಿ ಮುಂಬಯಿಗೆ ಬಂದೆ. ಕೊಂಕಣ ರೈಲು ಆಗ ಕನಸಿನಲ್ಲೂ ಇರಲಿಲ್ಲ. ಒಂದು ರಾತ್ರಿ, ಒಂದು ಹಗಲು ಬಸ್ಸಿನಲ್ಲೇ ಕೂತು ಬರಬೇಕಿತ್ತು. ಈಗ ನೆನೆದರೆ ನಗು ಬರುತ್ತದೆ. ಅಷ್ಟು ಹೊತ್ತು ಒಂದೇ ಸಮನೆ ಕೂತದ್ದು ಆಮೇಲೆ ಬಹಳ ವರ್ಷ ನನಗೆ ಸಿಗಲೇ ಇಲ್ಲ.

ಹಗಲು ಫೋರ್ಟಿನ ಒಂದು ಹೋಟೆಲಿನಲ್ಲಿ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ನಿಂತು ನಿಂತು ಸೋತ ಕಾಲಿಗೆ ಬೆಂಚು ಸಿಕ್ಕಿದ ಐದು ನಿಮಿಷಕ್ಕೆ ಕಣ್ಣು ಎಳೆಯುತ್ತಿತ್ತು. ಮಾಸ್ತರರು ಎಬ್ಬಿಸುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಹತ್ತಿರ ಬಂದು, ‘ಬೋರ್ಡಿನಲ್ಲಿರುವುದನ್ನು ಬರೆದುಕೊಂಡು ಹೋಗು’ ಎನ್ನುತ್ತಿದ್ದರು. ಹಾಗೆ ಎಸ್ಸೆಸ್ಸಿ ಮುಗಿಸಿದೆ. ಮೊದಲು ಕ್ಲೀನರ್, ಆಮೇಲೆ ವೇಟರ್, ಆಮೇಲೆ ಬಿಲ್ಲು ಬರೆಯುವವ. 2005ರಿಂದ ಮಾಟುಂಗಾದ ಹೋಟೆಲೊಂದರಲ್ಲಿ ಸೂಪರ್‌ವೈಸರ್. ಮನೆ ಡೊಂಬಿವಲಿಯಲ್ಲಿ. ನಿಲ್ಲುವುದು ನನ್ನ ಕೆಲಸದ ಒಂದು ಭಾಗ ಎಂದು ನಾನು ತಿಳಿದಿರಲಿಲ್ಲ, ಅದೇ ನನ್ನ ಕೆಲಸ ಎಂದು ತಿಳಿದಿದ್ದೆ. ಆ ತಿಳಿವಳಿಕೆಯನ್ನು ಬೇರೆಯವರ ಮೇಲೂ ಹೇರಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

2014ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ಬೆರಳುಗಳು ಹಿಟ್ಟು ತುಂಬಿದ ಹಾಗೆ ಊದಿದ್ದವು. ಒಂದೇ ಕೈಯಲ್ಲಿ ನಾಲ್ಕು ನೀರಿನ ಗ್ಲಾಸು ಹಿಡಿದು ಬೆಳೆದವನು ನಾನು. ಆ ದಿನ ಒಂದು ಚಹಾದ ಕಪ್ಪು ಕೈತಪ್ಪಿ ಬಿತ್ತು. ಚಿಕುನ್‌ಗುನ್ಯಾ ಇರಬೇಕೆಂದರು ಕೆಲವರು. ಊರಿನಿಂದ ಎಣ್ಣೆ ಬಂತು, ಕಷಾಯದ ಪುಡಿ ಬಂತು. ಎರಡು ತಿಂಗಳು ಹಾಗೆಯೇ ಕಳೆದೆ. ಬೆಳಿಗ್ಗೆ ಎದ್ದ ಮೇಲೆ ಎರಡು ಗಂಟೆ ಮೈ ಮರಗಟ್ಟಿದ ಹಾಗಿರುತ್ತಿತ್ತು. ಮೊದಲ ಲೋಕಲ್ ಹಿಡಿಯಬೇಕೆಂದರೆ ಮೂರು ಗಂಟೆಗೆ ಏಳಬೇಕಾಯಿತು. ಕೊನೆಗೆ ಹೆಂಡತಿ ಎಳೆದುಕೊಂಡು ಹೋದಂತೆ ಮುನ್ಸಿಪಾಲಿಟಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇಎಸ್‌ಆರ್, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಎಂದು ರಕ್ತ ತೆಗೆದರು. ರುಮಟಾಯ್ಡ್ ಆರ್ಥ್ರೈಟಿಸ್ ಎಂದರು.

ನಮ್ಮ ಕಡೆ ಇದಕ್ಕೆಲ್ಲ ‘ವಾತ’ ಎಂಬ ಒಂದೇ ಹೆಸರು. ವಯಸ್ಸಾದ ಮೇಲೆ ಮಂಡಿ ಸವೆಯುವುದೂ ವಾತ, ಇದೂ ವಾತ. ಆದರೆ ಇದು ಸವೆತವಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಪ್ಪು ತಿಳಿದು ಕೀಲುಗಳ ಒಳಪದರದ ಮೇಲೆ ಬೀಳುತ್ತದೆ. ಅಲ್ಲಿ ಉರಿಯೂತವಾಗುತ್ತದೆ. ಬಿಟ್ಟರೆ ಎಲುಬನ್ನೇ ತಿನ್ನುತ್ತದೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ‘ಹೆಂಗಸರ ಕಾಯಿಲೆ ನಿನಗೆ ಹೇಗೆ ಬಂತು ಮಾರಾಯ’ ಎಂದು ಗೆಳೆಯರು ನಕ್ಕರು. ನಾನೂ ನಕ್ಕೆ. ರಾತ್ರಿ ಹೊದ್ದುಕೊಂಡು ಅಳುವುದನ್ನು ಯಾರಿಗೂ ಹೇಳಲಿಲ್ಲ.

ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಶುರುವಾಯಿತು. ದಿನವೂ ಅಲ್ಲ, ವಾರಕ್ಕೊಮ್ಮೆ, ನನಗೆ ಭಾನುವಾರ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಆಸ್ಪತ್ರೆಯ ಸಾಲಿನಲ್ಲಿ ಇದನ್ನು ತಪ್ಪಿ ದಿನವೂ ನುಂಗಿ ಸಾವಿನ ಬಾಗಿಲಿಗೆ ಹೋಗಿ ಬಂದವರನ್ನು ನೋಡಿದ್ದೇನೆ. ಬೇರೆ ದಿನ ಫೋಲಿಕ್ ಆಮ್ಲದ ಮಾತ್ರೆ. ಎರಡು ಮೂರು ತಿಂಗಳಿಗೊಮ್ಮೆ ಲಿವರ್ ನೋಡಲು ರಕ್ತ ಪರೀಕ್ಷೆ. ಜೊತೆಗೆ ಸಣ್ಣ ಪ್ರಮಾಣದ ಸ್ಟಿರಾಯ್ಡ್. ಸೋಮವಾರ ಬೆಳಿಗ್ಗೆ ಬಾಣಲೆಯಲ್ಲಿ ವಡೆ ಬಿಡುವಾಗ ಬರುವ ಎಣ್ಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಆದರೆ ಮೂರು ತಿಂಗಳಲ್ಲಿ ಬೆರಳು ಇಳಿದವು, ಗುಂಡಿ ಹಾಕುವಂತಾದೆ.

ಈ ಔಷಧಿಯ ಕತೆಯನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಇದರ ಬೇರು ನಮ್ಮ ನೆರೆಯ ತೆಲುಗು ನಾಡಿನವರೊಬ್ಬರಲ್ಲಿದೆ. ಯಲ್ಲಾಪ್ರಗಡ ಸುಬ್ಬರಾವ್ 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದವರು. ಮದರಾಸಿನಲ್ಲಿ ವೈದ್ಯಕೀಯ ಓದಿ 1923ರಲ್ಲಿ ಅಮೆರಿಕಕ್ಕೆ ಹೋದರು. ಹೊಟ್ಟೆಪಾಡಿಗೆ ಅಲ್ಲಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಾಗಿ ದುಡಿದರು. ಮುಂದೆ ಲೆಡರ್ಲೆ ಎಂಬ ಔಷಧ ಕಂಪನಿಯಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು, ಅದಕ್ಕೆ ಎದುರಾಗಿ ಕೆಲಸ ಮಾಡುವ ಔಷಧಿಗಳನ್ನೂ ತಯಾರಿಸಿತು. ಮೆಥೊಟ್ರೆಕ್ಸೇಟ್ ಆ ಕುಟುಂಬದ್ದು. ಮೊದಲು ಕ್ಯಾನ್ಸರಿಗೆ ಬಳಸಿದ್ದನ್ನು ಮುಂದೆ ಸಣ್ಣ ಪ್ರಮಾಣದಲ್ಲಿ ನಮ್ಮಂಥವರಿಗೆ ಕೊಡತೊಡಗಿದರು. ಪರಊರಿಗೆ ಹೋಗಿ ರಾತ್ರಿ ಪಾಳಿ ಮಾಡಿದವರ ಔಷಧಿ ಎಂದು ತಿಳಿದ ಮೇಲೆ ಭಾನುವಾರದ ಮಾತ್ರೆಯ ಮೇಲೆ ನನಗೆ ಸ್ವಲ್ಪ ಪ್ರೀತಿ ಬಂತು.

ಏಳು ವರ್ಷ ಹೀಗೆ ನಡೆಯಿತು. 2021ರ ಕೊನೆಗೆ ಬಲಗಾಲಿನ ಹಿಮ್ಮಡಿ ಹಿಡಿಯಿತು.

ಪಾದದ ಅಡಿಯಲ್ಲಲ್ಲ, ಹಿಂಭಾಗದಲ್ಲಿ. ಬೂಟಿನ ಹಿಂದಿನ ಅಂಚು ಎಲ್ಲಿ ತಾಗುತ್ತದೆಯೋ ಅಲ್ಲಿ. ಬೆಳಿಗ್ಗೆ ಎದ್ದು ಇಡುವ ಮೊದಲ ಹತ್ತು ಹೆಜ್ಜೆ ಗಾಜಿನ ಮೇಲೆ ನಡೆದ ಹಾಗೆ. ಆಮೇಲೆ ಸಡಿಲವಾಗುತ್ತಿತ್ತು. ಮಧ್ಯಾಹ್ನದ ಊಟದ ಗದ್ದಲ ಮುಗಿಯುವಾಗ ಮತ್ತೆ ಶುರು. ಸಂಜೆ ಕಾಲುಚೀಲ ತೆಗೆದರೆ ಅಲ್ಲೊಂದು ನೆಲ್ಲಿಕಾಯಿಯಷ್ಟು ಊತ. ಮಾಟುಂಗಾ ಸ್ಟೇಷನ್ನಿನ ಸೇತುವೆ ಹತ್ತುವಾಗ ಕಂಬಿ ಹಿಡಿದುಕೊಂಡೇ ಹತ್ತಬೇಕು. ಹಿಂದಿನವರು ‘ಚಲೋ ಅಂಕಲ್, ಚಲೋ’ ಎನ್ನುತ್ತಿದ್ದರು.

ಇದನ್ನೂ ನಾನು ಆರ್ಥ್ರೈಟಿಸಿನ ಖಾತೆಗೆ ಹಾಕಿದೆ. ಹೋಟೆಲಿನಲ್ಲಿ ಖಾಯಂ ಗಿರಾಕಿಗಳಿಗೆ ಒಂದು ಖಾತೆ ಇರುತ್ತದೆಯಲ್ಲ, ಏನು ತಿಂದರೂ ಅಲ್ಲೇ ಬರೆಯುವುದು. ಹಾಗೆ. ತಲೆನೋವು ಬಂದರೂ ಅದೇ, ಸುಸ್ತಾದರೂ ಅದೇ, ಹಿಮ್ಮಡಿಯೂ ಅದೇ. ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ಭೇಟಿ ತಪ್ಪಿತ್ತು, ಆಮೇಲೂ ಹೋಗುವ ಮನಸ್ಸಾಗಲಿಲ್ಲ. ಹಳೆ ಚೀಟಿ ತೋರಿಸಿ ಮಾತ್ರೆ ತರುತ್ತಿದ್ದೆ. ನೋವು ಹೆಚ್ಚಾದ ದಿನ ಡೈಕ್ಲೊಫೆನಾಕ್ ನುಂಗುತ್ತಿದ್ದೆ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಅದನ್ನು ಹೇಳದೆ ಕೇಳದೆ ನುಂಗಿದರೆ ಮೂತ್ರಪಿಂಡಕ್ಕೆ ಭಾರ ಎಂಬುದು ಗೊತ್ತಿತ್ತು. ಗೊತ್ತಿದ್ದೇ ನುಂಗಿದೆ. ರಜೆಯ ದಿನ ಇಡೀ ಹಗಲು ಕಾಲು ಚಾಚಿ ಮಲಗುತ್ತಿದ್ದೆ. ಮರುದಿನ ನೋವು ಕಡಿಮೆಯಾಗುವ ಬದಲು ಹೆಚ್ಚಾಗುತ್ತಿತ್ತು. ಏಕೆ ಎಂದು ಅರ್ಥವಾಗುತ್ತಿರಲಿಲ್ಲ.

2022ರ ಫೆಬ್ರವರಿಯಲ್ಲಿ ಮೂತ್ರದ ಸೋಂಕಾಗಿ ಜ್ವರ ಬಂತು. ಮನೆ ಹತ್ತಿರದ ಒಬ್ಬ ಡಾಕ್ಟರು ಲಿವೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಬರೆದುಕೊಟ್ಟರು. ಬೇರೆ ಏನಾದರೂ ಔಷಧಿ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಸಾಲಿನಲ್ಲಿ ಪರಿಚಯದವರಿದ್ದರು. ಹೆಂಗಸರ ಕಾಯಿಲೆಯ ಮಾತು ಮತ್ತೆ ಏಳುವುದು ಬೇಡವಾಗಿತ್ತು. ಜ್ವರ ಇಳಿಯಿತು, ನಾಲ್ಕನೆಯ ದಿನ ಕೆಲಸಕ್ಕೆ ಹೊರಟೆ.

ಮಾಟುಂಗಾದ ಸೇತುವೆಯ ನಾಲ್ಕನೆಯ ಮೆಟ್ಟಿಲಲ್ಲಿ ಯಾರೋ ಹಿಂದಿನಿಂದ ಹಿಮ್ಮಡಿಗೆ ಬಲವಾಗಿ ಒದ್ದ ಹಾಗಾಯಿತು. ಬೈಯಲೆಂದು ತಿರುಗಿದೆ. ಹಿಂದೆ ಯಾರೂ ಇರಲಿಲ್ಲ. ಕಾಲು ಊರಲು ಆಗಲಿಲ್ಲ. ಒಬ್ಬ ತರಕಾರಿಯ ಬುಟ್ಟಿಯವಳು ತನ್ನ ಬುಟ್ಟಿ ಕೆಳಗಿಟ್ಟು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದಳು. ಜನ ಎರಡೂ ಕಡೆಯಿಂದ ಹರಿದು ಹೋದರು. ಜನರ ಸೊಂಟದೆತ್ತರದಲ್ಲಿ ಕೂತು ಮುಂಬಯಿಯನ್ನು ನೋಡಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಬೋರಲು ಮಲಗಿಸಿ, ಮಂಚದ ಆಚೆ ಪಾದ ಇಳಿಬಿಟ್ಟು, ಮೀನಖಂಡವನ್ನು ಹಿಂಡಿ ನೋಡಿದರು. ಪಾದ ಸ್ವಲ್ಪ ಅಲುಗಿತು. ‘ಪೂರ್ತಿ ಹರಿದಿಲ್ಲ’ ಎಂದರು. ಪೂರ್ತಿ ಹರಿದಿದ್ದರೆ ಹಿಂಡಿದಾಗ ಪಾದ ಅಲುಗುವುದಿಲ್ಲವಂತೆ. ಸ್ಕ್ಯಾನ್‌ನಲ್ಲಿ ಆಕಿಲಿಸ್ ಟೆಂಡನ್ ಒಂದು ಪಕ್ಕದಲ್ಲಿ ಹರಿದದ್ದೂ, ಅದಕ್ಕೂ ಹಿಮ್ಮಡಿಯ ಎಲುಬಿಗೂ ನಡುವಿನ ನೀರಿನ ಚೀಲ ಊದಿಕೊಂಡದ್ದೂ ಕಂಡಿತು.

ಟೆಂಡನ್ ಎಂದರೆ ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹುರಿ. ಮೀನಖಂಡದಿಂದ ಇಳಿದು ಹಿಮ್ಮಡಿಗೆ ಕಟ್ಟಿಕೊಂಡ ಈ ಹುರಿ ನಮ್ಮ ಮೈಯಲ್ಲೇ ಅತ್ಯಂತ ದಪ್ಪದ್ದು, ಗಟ್ಟಿಯದ್ದು. ಆದರೆ ಇದಕ್ಕೆ ರಕ್ತದ ಹರಿವು ಕಡಿಮೆ, ಹಾಗಾಗಿ ಗಾಯವಾದರೆ ಮಾಯುವುದು ನಿಧಾನ. ನನ್ನ ರುಮಟಾಲಜಿಸ್ಟ್ ಕಡತ ತಿರುವಿ ಒಂದೇ ಪ್ರಶ್ನೆ ಕೇಳಿದರು: ‘ಇತ್ತೀಚೆಗೆ ಹೊಸ ಔಷಧಿ ಏನು ತೆಗೆದುಕೊಂಡಿರಿ?’ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಕೊಟ್ಟೆ. ಅವರು ಅದನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಜಾತಿಯ ಆಂಟಿಬಯೋಟಿಕ್‌ಗಳು ಕೆಲವರಲ್ಲಿ ಟೆಂಡನ್ನುಗಳನ್ನು ದುರ್ಬಲಗೊಳಿಸುತ್ತವೆ, ಹರಿಯುವಂತೆಯೂ ಮಾಡುತ್ತವೆ, ಅದರಲ್ಲೂ ಆಕಿಲಿಸ್ ಟೆಂಡನ್ನನ್ನು. ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ, 60 ದಾಟಿದವರಿಗೆ ಈ ಅಪಾಯ ಇನ್ನೂ ಹೆಚ್ಚು. ಅಮೆರಿಕದ ಔಷಧ ಇಲಾಖೆ 2008ರಲ್ಲೇ ಔಷಧಿಯ ಮಾಹಿತಿ ಪತ್ರದಲ್ಲಿ ಚೌಕಟ್ಟಿನೊಳಗಿನ ಎಚ್ಚರಿಕೆ ಹಾಕಿಸಿದೆ. ಬರೆದುಕೊಟ್ಟ ಡಾಕ್ಟರನ್ನು ನಾನು ದೂರುವುದಿಲ್ಲ. ಅವರು ಕೇಳಿದ್ದರು, ನಾನು ಹೇಳಲಿಲ್ಲ. ಹಿಮ್ಮಡಿ ಮೊದಲೇ ನೊಂದಿತ್ತು, ಸ್ಟಿರಾಯ್ಡ್ ಇತ್ತು, ದಿನಕ್ಕೆ 12 ಗಂಟೆಯ ನಿಲುವಿತ್ತು, ಅದರ ಮೇಲೆ ಇದು. ನಾಚಿಕೆಯೂ ಒಂದು ಔಷಧಿಯಂತೆ ನನ್ನ ಮೈಯಲ್ಲಿ ಕೆಲಸ ಮಾಡಿತ್ತು.

‘ಒಂದು ಇಂಜೆಕ್ಷನ್ ಚುಚ್ಚಿಬಿಡಿ, ಕೆಲಸಕ್ಕೆ ಹೋಗಬೇಕು’ ಎಂದೆ. ಹಿಂದೆ ಮಂಡಿಗೆ ಚುಚ್ಚಿದಾಗ ಒಂದೇ ವಾರದಲ್ಲಿ ಓಡಾಡಿದ್ದೆ. ಅವರು ಒಪ್ಪಲಿಲ್ಲ. ಮಂಡಿ ಬೇರೆ, ಈ ಹುರಿ ಬೇರೆ. ಇಲ್ಲಿ ಸ್ಟಿರಾಯ್ಡ್ ಚುಚ್ಚಿದರೆ ಉಳಿದ ಎಳೆಗಳೂ ಹರಿಯಬಹುದು ಎಂದರು. ಆಂಟಿಬಯೋಟಿಕ್ ಬದಲಿಸಿದರು, ಕಾಲಿಗೆ ದೊಡ್ಡದೊಂದು ಬೂಟು ಕಟ್ಟಿದರು, ಅದರೊಳಗೆ ಹಿಮ್ಮಡಿ ಎತ್ತರವಾಗಲು ಮೆತ್ತೆಗಳನ್ನು ಇಟ್ಟರು. ಆರು ವಾರ ಮನೆ.

ಆಕಿಲಿಸ್ ಯಾರೆಂದು ಮಗಳು ಹೇಳಿದಳು. ಗ್ರೀಕರ ವೀರ. ಅವನ ತಾಯಿ ಮಗು ಸಾಯದಿರಲೆಂದು ಪಾತಾಳದ ನದಿಯಲ್ಲಿ ಅದ್ದಿದಳು, ಹಿಡಿದುಕೊಂಡ ಹಿಮ್ಮಡಿ ಮಾತ್ರ ಒದ್ದೆಯಾಗಲಿಲ್ಲ, ಅಲ್ಲಿಗೇ ಬಾಣ ತಾಗಿತು. ನನಗೆ ತಕ್ಷಣ ಮಹಾಭಾರತದ ಕತೆ ನೆನಪಾಯಿತು. ಯಕ್ಷಗಾನ ನೋಡಿ ಬೆಳೆದವರಿಗೆ ಕೃಷ್ಣನ ಕಾಲಿಗೆ ಬೇಡ ಜರನ ಬಾಣ ತಾಗಿದ್ದು ಗೊತ್ತಿರುತ್ತದೆ. ಅದಕ್ಕೂ ಹಿಂದೆ ಅನುಶಾಸನ ಪರ್ವದಲ್ಲಿ ಒಂದು ಕತೆಯಿದೆ. ದುರ್ವಾಸರು ಕೃಷ್ಣನ ಮನೆಗೆ ಬಂದು, ಪಾಯಸ ಉಂಡು, ಮಿಕ್ಕದ್ದನ್ನು ಮೈಗೆಲ್ಲ ಬಳಿದುಕೊಳ್ಳಲು ಹೇಳುತ್ತಾರೆ. ಅವನು ಬಳಿದುಕೊಳ್ಳುತ್ತಾನೆ, ಅಂಗಾಲಿಗೆ ಮಾತ್ರ ಹಚ್ಚುವುದಿಲ್ಲ. ಎರಡೂ ಕಡೆ ಕಾಲೇ ಏಕೆ ಎಂದು ಬೂಟು ಕಟ್ಟಿಕೊಂಡು ಮಲಗಿ ಯೋಚಿಸಿದೆ. ಕಾಲು ಕಣ್ಣಿಗೆ ದೂರ. ಪಾಯಸ ಬಳಿಯುವವನಿಗೂ ಅದು ಕೊನೆಗೇ ನೆನಪಾಗುವುದು, ಸಂಬಳ ಎಣಿಸುವವನಿಗೂ ಹಾಗೆಯೇ.

ಆಗ ‘ಅಣ್ಣ’ ನೆನಪಾದರು.

ಅವರ ಹೆಸರು ಬೇಡ. ಬೈಂದೂರಿನ ಕಡೆಯವರು, ನಮ್ಮಲ್ಲಿ ಹಿರಿಯ ವೇಟರ್. ಎಲ್ಲರೂ ಅಣ್ಣ ಎನ್ನುತ್ತಿದ್ದೆವು. 2009ರಲ್ಲಿ ಅವರಿಗೆ 55 ದಾಟಿತ್ತು. ಸಂಜೆಯ ಹೊತ್ತಿಗೆ ಎರಡೂ ಪಾದ ಊದಿಕೊಳ್ಳುತ್ತಿದ್ದವು. ಗಿರಾಕಿ ಇಲ್ಲದ ಹೊತ್ತಿನಲ್ಲಿ ವಾಶ್ ಬೇಸಿನ್ ಹತ್ತಿರ ತಂಪು ಪಾನೀಯದ ಕ್ರೇಟನ್ನು ಬೋರಲು ಹಾಕಿ ಕೂರುತ್ತಿದ್ದರು. ಒಂದು ದಿನ ಅದನ್ನು ನಾನು ಎತ್ತಿಸಿದೆ. ‘ಗಿರಾಕಿ ನೋಡಿದರೆ ಏನಂದುಕೊಂಡಾರು? ನಿಲ್ಲಲು ಆಗದಿದ್ದರೆ ಊರಿಗೆ ಹೋಗಿ ಆರಾಮ ಮಾಡಿ’ ಎಂದೆ. ಹುಡುಗರ ಎದುರೇ ಅಂದೆ. ಅವರು ಏನೂ ಹೇಳಲಿಲ್ಲ. ಆ ತಿಂಗಳ ಸಂಬಳ ತೆಗೆದುಕೊಂಡು, ಟ್ರಂಕು ಹೊತ್ತು, ಊರಿನ ರೈಲು ಹತ್ತಿದರು. ಸ್ಟೇಷನ್ನಿಗೆ ನಾನು ಹೋಗಲಿಲ್ಲ, ಮಧ್ಯಾಹ್ನದ ಗದ್ದಲದ ಹೊತ್ತಾಗಿತ್ತು.

ಹದಿಮೂರು ವರ್ಷದ ಮೇಲೆ ಅದೇ ಮಾತನ್ನು ನನಗೆ ಯಾರಾದರೂ ಹೇಳುತ್ತಾರೆಂದು ಕಾಯುತ್ತಾ ಆರು ವಾರ ಮಲಗಿದ್ದೆ. ಫೋನು ರಿಂಗಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮಗಳ ಕಾಲೇಜಿಗೆ ಎರಡು ವರ್ಷ ಬಾಕಿ, ಮನೆಯ ಸಾಲದ ಕಂತು ಬಾಕಿ. ಕೊನೆಗೆ ಧಣಿಗಳೇ ಫೋನು ಮಾಡಿ, ‘ಬಂದು ಗಲ್ಲಾದಲ್ಲಿ ಕೂರು. ಮಗ ಮಧ್ಯಾಹ್ನ ಇರುವುದಿಲ್ಲ’ ಎಂದರು. ಅಷ್ಟೇ. ನನಗೆ ಸಿಕ್ಕಿದ ಈ ಕುರ್ಚಿ ಅಣ್ಣನಿಗೆ ಸಿಗದಂತೆ ಮಾಡಿದವನು ನಾನೇ.

ಬೂಟು ಬಿಚ್ಚಿದ ಮೇಲೆ ಫಿಸಿಯೋಥೆರಪಿ. ಇನ್ನು ಕಾಲಿಗೆ ವಿಶ್ರಾಂತಿ ಎಂದುಕೊಂಡು ಹೋದರೆ, ಆ ಹುಡುಗಿ ಮೊದಲ ದಿನವೇ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಎಂದಳು. ಕೀಲು ಕೆಂಪಾಗಿ ಊದಿದಾಗ ಅದಕ್ಕೆ ವಿಶ್ರಾಂತಿ ಬೇಕು. ಆದರೆ ಟೆಂಡನ್ ಗಟ್ಟಿಯಾಗುವುದು ಅಳೆದು ಕೊಟ್ಟ ಭಾರದಿಂದಲೇ. ಪೂರ್ತಿ ಮಲಗಿಸಿದರೆ ಅದು ಇನ್ನಷ್ಟು ಸೋಲುತ್ತದೆ, ಒಂದೇ ಸಲ ಹೇರಿದರೆ ಹರಿಯುತ್ತದೆ. ರಜೆಯ ದಿನ ಮಲಗಿ ಮರುದಿನ ನೋವು ಹೆಚ್ಚಾಗುತ್ತಿದ್ದುದರ ಗುಟ್ಟು ಇದಾಗಿತ್ತು. ಸ್ವೀಡನ್ನಿನ ಹೊಕನ್ ಆಲ್ಫ್ರೆಡ್ಸನ್ ಎಂಬ ಮೂಳೆ ವೈದ್ಯರು 1998ರಲ್ಲಿ ಪ್ರಕಟಿಸಿದ ವ್ಯಾಯಾಮ ಕ್ರಮ ಇದಕ್ಕೆ ಪ್ರಸಿದ್ಧ. ಹಿಮ್ಮಡಿಯನ್ನು ನಿಧಾನ ಇಳಿಸುವುದು, 15ರಂತೆ ಮೂರು ಸುತ್ತು, ಮಂಡಿ ನೇರ ಇಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ, ದಿನಕ್ಕೆರಡು ಸಲ, 12 ವಾರ. ಲೆಕ್ಕ ಹಾಕಿದರೆ ದಿನಕ್ಕೆ 180.

ಅವರ ಕ್ರಮದಲ್ಲಿ ಮೆಟ್ಟಿಲಿನ ಅಂಚಿನಿಂದ ಹಿಮ್ಮಡಿಯನ್ನು ಕೆಳಗೆ ಇಳಿಸಬೇಕು. ನನ್ನ ನೋವು ಹುರಿ ಎಲುಬಿಗೆ ಸೇರುವ ಜಾಗದಲ್ಲೇ ಇತ್ತು. ಅಂಥವರು ಹಾಗೆ ಕೆಳಗೆ ಇಳಿಸಿದರೆ ಹುರಿ ಎಲುಬಿಗೆ ಒತ್ತಿ ಇನ್ನೂ ನೋಯುತ್ತದೆ. ಹಾಗಾಗಿ ನನಗೆ ಸಮನೆಲದ ಮೇಲೆ ಮಾತ್ರ, ಅದೂ ಮೊದಲಿಗೆ ಎರಡು ಕಾಲಿನಲ್ಲಿ, ದಿನಕ್ಕೆ 20ರಿಂದ ಶುರು. ಮೂರು ಎಣಿಸುತ್ತಾ ಏರುವುದು, ಮೂರು ಎಣಿಸುತ್ತಾ ಇಳಿಯುವುದು. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕದ ಗೋಡೆ ನನ್ನ ಜಾಗವಾಯಿತು. ಹಾಲು ಉಕ್ಕದಂತೆ ನೋಡುವ ಕೆಲಸವನ್ನೂ ಹೆಂಡತಿ ನನಗೇ ಒಪ್ಪಿಸಿದಳು.

ವ್ಯಾಯಾಮ ಮಾಡುವಾಗ ಸ್ವಲ್ಪ ನೋವು ಇರಬಹುದು ಎಂದಿದ್ದಳು. ಹತ್ತರಲ್ಲಿ ಮೂರು ನಾಲ್ಕು ಅಂಕದಷ್ಟು. ಮರುದಿನ ಬೆಳಿಗ್ಗೆಯ ಹೆಜ್ಜೆಯೇ ಪರೀಕ್ಷೆ. ನಿನ್ನೆಗಿಂತ ಹೆಚ್ಚು ನೋಯುತ್ತಿದ್ದರೆ ನಿನ್ನೆ ಹೆಚ್ಚಾಯಿತು, ಒಂದು ಸುತ್ತು ಕಡಿಮೆ ಮಾಡು. ಅಷ್ಟೇ ಇದ್ದರೆ ಮುಂದುವರಿಸು.

ಇದರಿಂದ ನನಗೆ ಬಂದ ದೊಡ್ಡ ವಿದ್ಯೆಯೆಂದರೆ ನೋವುಗಳನ್ನು ಬೇರೆ ಬೇರೆ ಮಾಡುವುದು. ನಾವು ಮುಂಬಯಿಯವರು ದಿನಕ್ಕೆ ನಾಲ್ಕು ಭಾಷೆ ಆಡುತ್ತೇವೆ. ಗಿರಾಕಿಗೆ ಹಿಂದಿ, ಪೊಲೀಸರಿಗೆ ಮರಾಠಿ, ಧಣಿಗಳಿಗೆ ತುಳು, ಮನೆಯಲ್ಲಿ ಕುಂದಾಪ್ರ ಕನ್ನಡ. ಯಾರು ಯಾವ ಭಾಷೆಯವರೆಂದು ಬಾಯಿ ತೆರೆದ ಕೂಡಲೇ ಗೊತ್ತಾಗುತ್ತದೆ. ನೋವಿಗೂ ಹಾಗೆಯೇ ಕಿವಿ ಕೊಡಬೇಕಿತ್ತು. ಆರ್ಥ್ರೈಟಿಸ್ ಕೆರಳಿದಾಗ ಒಂದೇ ಕಡೆ ನೋಯುವುದಿಲ್ಲ. ಎರಡೂ ಕೈ, ಎರಡೂ ಪಾದ, ಮೈಯೆಲ್ಲ ಜ್ವರ ಬಂದ ಹಾಗೆ, ಮುಟ್ಟಿದರೆ ಬಿಸಿ, ಬೆಳಿಗ್ಗೆ ಗಂಟೆಗಟ್ಟಲೆ ಬಿಗಿತ. ಟೆಂಡನ್ನಿನ ನೋವು ಒಂದೇ ಬೆರಳಿನಿಂದ ತೋರಿಸುವಂಥದ್ದು, ನಿನ್ನೆ ನಾನು ಏನು ಮಾಡಿದೆ ಎಂಬುದರ ಲೆಕ್ಕ ಒಪ್ಪಿಸುವಂಥದ್ದು. ನನ್ನ ಹಿಮ್ಮಡಿಯಲ್ಲಿ ಎರಡೂ ಇದ್ದವು. ನೀರಿನ ಚೀಲದ ಊತ ಆರ್ಥ್ರೈಟಿಸಿನದು, ಹುರಿಯ ಗಾಯ ನಿಲುವಿನದು ಮತ್ತು ಔಷಧಿಯದು. ಒಂದೇ ಖೋಲಿಯಲ್ಲಿ ಇಬ್ಬರು ಬಾಡಿಗೆದಾರರು. ನಾನು ಬಾಗಿಲ ಮೇಲೆ ಒಬ್ಬನ ಹೆಸರು ಮಾತ್ರ ಬರೆದಿದ್ದೆ. ಈಗ ಕೀಲುಗಳೆಲ್ಲ ಒಟ್ಟಿಗೆ ಕೆರಳಿದ ದಿನ ವ್ಯಾಯಾಮ ಕಡಿಮೆ ಮಾಡುತ್ತೇನೆ, ಮೂರು ದಿನ ಹಾಗೇ ಇದ್ದರೆ ಡಾಕ್ಟರಿಗೆ ಹೇಳುತ್ತೇನೆ. ಹಿಮ್ಮಡಿ ಮಾತ್ರ ನೋಯುವ ದಿನ ಗೋಡೆಯ ಹತ್ತಿರ ಹೋಗುತ್ತೇನೆ.

ಉಳಿದದ್ದೆಲ್ಲ ಸಣ್ಣ ಸಣ್ಣ ಉಪಾಯ. ಎರಡೂ ಬೂಟಿನೊಳಗೆ ಒಂದು ಸೆಂಟಿಮೀಟರ್ ಎತ್ತರದ ಹಿಮ್ಮಡಿ ಮೆತ್ತೆ. ಒಂದಕ್ಕೇ ಹಾಕಿದರೆ ಸೊಂಟ ಓರೆಯಾಗುತ್ತದೆ. ಹಿಂದಿನ ಅಂಚು ಮೆತ್ತಗಿರುವ ಬೂಟು. ಮನೆಯೊಳಗೆ ಬರಿಗಾಲಿಲ್ಲ, ಚಪ್ಪಟೆ ಹವಾಯಿ ಚಪ್ಪಲಿಯೂ ಇಲ್ಲ. ಮೊದಲ ಹೆಜ್ಜೆಗೆ ಮುಂಚೆ ಹಾಸಿಗೆಯಲ್ಲೇ ಪಾದವನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸುವುದು. ಸಂಜೆ ಬಟ್ಟೆಯಲ್ಲಿ ಸುತ್ತಿದ ಐಸು ಹತ್ತು ನಿಮಿಷ. ಐಸಿಗೆ ಹೋಟೆಲಿನಲ್ಲಿ ಬರವಿಲ್ಲ. ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೇನೆ. ನನ್ನ ಕಾಯಿಲೆ, ಮಾತ್ರೆಗಳು, ಯಾವ ಆಂಟಿಬಯೋಟಿಕ್ ಕೊಡಬಾರದು ಎಂದು ಅದರಲ್ಲಿದೆ. ನಾಚಿಕೆಯಾಗಿ ಬಾಯಿ ಕಟ್ಟಿದರೂ ಚೀಟಿ ಮಾತಾಡುತ್ತದೆ. ಈ ಕಾಯಿಲೆ ಇರುವ ಓದುಗರು ಬೇರೇನೂ ಮಾಡದಿದ್ದರೂ ಆ ಒಂದು ಚೀಟಿ ಬರೆದಿಟ್ಟುಕೊಳ್ಳಿ.

ಎಂಟು ತಿಂಗಳಿಗೆ ಸೇತುವೆಯನ್ನು ಕಂಬಿ ಹಿಡಿಯದೆ ಹತ್ತಿದೆ. ಪೂರ್ತಿ ಗುಣವಾಯಿತೆಂದು ಹೇಳಲಾರೆ. ಮಳೆಗಾಲದ ಕೆಲವು ಬೆಳಿಗ್ಗೆ ಅದು ಈಗಲೂ ಎದ್ದು ಕೂರುತ್ತದೆ. ಆದರೆ ಅದು ಯಾರೆಂದು ಗೊತ್ತಿದೆ.

ಗಲ್ಲಾದಲ್ಲಿ ಕೂತಾಗ ಇಡೀ ಹೋಟೆಲು ಬೇರೆ ಎತ್ತರದಿಂದ ಕಂಡಿತು. ಹುಡುಗರು ಗಿರಾಕಿ ಇಲ್ಲದಾಗ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತಾ, ಕಂಬಕ್ಕೆ ಒರಗುತ್ತಾ, ನಾನು ನೋಡಿದ ಕೂಡಲೇ ನೆಟ್ಟಗಾಗುತ್ತಿದ್ದರು. ಅಂಗಡಿ ಮುಂಗಟ್ಟುಗಳ ಕೆಲಸಗಾರರಿಗೆ ಕೂರಲು ಆಸನ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿವೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಅದಕ್ಕಾಗಿ ಅಲ್ಲಿನ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ್ದರು. ಕೂರುವುದಕ್ಕೂ ಕಾನೂನು ಬೇಕಾಯಿತಲ್ಲ ಎಂದು ಅಂದು ನಕ್ಕಿದ್ದೆ. ಈಗ ಧಣಿಗಳ ಹತ್ತಿರ ಹೋಗಿ ಎರಡು ಸ್ಟೂಲು ಕೇಳಿದೆ. ‘ಗಿರಾಕಿಗಳು ಏನಂದುಕೊಂಡಾರು?’ ಎಂದರು. ನಾನು ಅಣ್ಣನಿಗೆ ಹೇಳಿದ ಅದೇ ಮಾತು, ಅಕ್ಷರ ಬಿಡದೆ. ‘ಅಂದುಕೊಂಡರೆ ನಾನು ಉತ್ತರ ಹೇಳುತ್ತೇನೆ’ ಎಂದೆ. ಒಂದು ಸ್ಟೂಲು ಮಂಜೂರಾಯಿತು. ವಾಶ್ ಬೇಸಿನ್ ಹತ್ತಿರ ಇಟ್ಟಿದ್ದೇವೆ.

ಕಳೆದ ವರ್ಷ ಊರಿಗೆ ಹೋದಾಗ ಅಣ್ಣನ ಮನೆ ಹುಡುಕಿಕೊಂಡು ಹೋದೆ. ಜಗಲಿಯಲ್ಲಿ ಕೂತಿದ್ದರು. ಪಾದಗಳು ಈಗಲೂ ಊದಿಕೊಂಡೇ ಇದ್ದವು. ಏನು ಹೇಳಬೇಕೆಂದು ರೈಲಿನಲ್ಲಿ ಇಡೀ ರಾತ್ರಿ ಜೋಡಿಸಿಕೊಂಡಿದ್ದೆ, ಬಾಯಿಗೆ ಬರಲಿಲ್ಲ. ನಾನು ಜಗಲಿಯ ಮೆಟ್ಟಿಲನ್ನು ಒಂದೊಂದಾಗಿ ಹತ್ತುವುದನ್ನು ಅವರು ನೋಡಿದರು. ನನ್ನ ಕಾಲಿನ ಕತೆ ಕೇಳಿದರು. ಹೇಳಿದೆ, ಸ್ಟೂಲಿನ ವಿಷಯವನ್ನೂ ಹೇಳಿದೆ.

‘ಹ್ವಾಯ್, ಕಡೆಗೆ ನಿಮ್ಗೂ ಸ್ಟೂಲ್ ಬೇಕಾಯ್ತಾ?’ ಎಂದು ನಕ್ಕರು. ಆ ನಗುವಿನಲ್ಲಿ ಸಿಟ್ಟು ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಪಕ್ಕದ ಕುರ್ಚಿಯನ್ನು ಕಾಲಿನಿಂದಲೇ ನನ್ನ ಕಡೆಗೆ ದೂಡಿದರು. ಕೂತೆ. ಅವರ ಊದಿದ ಪಾದಗಳನ್ನು ನೋಡಿ, ಇದನ್ನು ಯಾವ ಡಾಕ್ಟರಿಗಾದರೂ ತೋರಿಸಿದ್ದೀರಾ ಎಂದು ಕೇಳಿದೆ. ‘ವಾತ ಅಲ್ದಾ, ಅದ್ಕೆಂತ ತೋರ್ಸೂದ್’ ಎಂದರು. ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ರಿಕ್ಷಾ ಕರೆದುಕೊಂಡು ಬರುತ್ತೇನೆಂದು ಹೇಳಿ, ಚಹಾ ಕುಡಿದು ಎದ್ದೆ.